ಕಥೆಗೆಂದು ಉಳಿಸಿದ ಮಾತು

ಕಾಗೆ ಗುಬ್ಬಿಗಳು ಮಾತಾಡುತ್ತಿದ್ದ ಕಾಲ ಕಳೆದು, ಮನುಷ್ಯರಿಗೇ ದಿನಕ್ಕಿಷ್ಟು ಮಾತೆಂದು ಅಳೆದು ಸಿಗುವ ಕಾಲದಲ್ಲಿ, ನರಗುಂದದಲ್ಲಿ ಸರ್ವಮಂಗಳಾ ಎಂಬ ಹೆಡ್‌ಮಿಸ್ಟ್ರೆಸ್ ಇದ್ದಳು. ಇಮೇಲಿನಲ್ಲಿ ಬರೆದ ಪದಗಳೂ ಬಾಯಿಮಾತಿನ ಲೆಕ್ಕದಿಂದಲೇ ಕಳೆಯುತ್ತಿದ್ದವು. ಹಾಗಾಗಿ ಮನೆ ಮುಟ್ಟುವಷ್ಟರಲ್ಲಿ ಅವಳ ಬಾಯಿ ನಿತ್ಯವೂ ಬರಿದು.

ಮಗಳು ಸಿಂಚನಾಗೆ ಕಥೆ ಹೇಳುವೆನೆಂದು ಮಾತು ಕೊಟ್ಟು ಮಳೆಗಾಲವೇ ಕಳೆದಿತ್ತು. ಇವತ್ತು, ಶಾಲೆ ಬಿಟ್ಟ ಮೇಲೆ ಇಮೇಲ್ ಮುಟ್ಟುವುದಿಲ್ಲವೆಂದು ಹಟ ಹಿಡಿದು, ಒಂದು ಕಥೆಗಾಗುವಷ್ಟು ಮಾತು ಉಳಿಸಿ ತಂದಿದ್ದಳು.

“ಇವತ್ತ ನಿಮ್ಮವ್ವನ ಬಾಯಿಂದ ಮುತ್ತು ಉದುರ್ತಾವಂತ, ಉಡಿ ಒಡ್ಡಿ ಕುಂಡ್ರು,” ಎಂದು ಅತ್ತೆ ಮೊಮ್ಮಗಳಿಗೆ ಹೇಳಿ ನಕ್ಕಳು.

“ಉದ್ದಂದ ಹೇಳಬೇಕ್ ಮತ್ತ, ಅವ್ವಾ!” ಮಗಳು ತೊಡೆಯೇರಿದಳು.

ಆಗಲೇ ಫೋನು ಗುಂಯ್ ಎಂದಿತು. ಮೇಲಧಿಕಾರಿಯ ತುರ್ತು ಇಮೇಲ್: ಇಂದು ಮಕ್ಕಳಿಗೆ ಕೊಟ್ಟ ಮೊಟ್ಟೆ ಎಷ್ಟು? ಈಗಲೇ ತಿಳಿಸಿ.

ಒಂದು ಅಂಕಿ ಬರೆದರಾಯಿತು ಎಂದುಕೊಂಡಳು. ಆದರೆ ವರ್ಷಾನುಗಟ್ಟಲೆ ಪಳಗಿದ ಬೆರಳು ಕೇಳಬೇಕಲ್ಲ! ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಹೊರಟದ್ದು, ‘ತಮ್ಮ ವಿಧೇಯಳು’ ಎನ್ನುವವರೆಗೂ ನಿಲ್ಲಲಿಲ್ಲ. ಕಳುಹಿಸಿದೊಡನೆ ನಾಲಿಗೆ ಹಗುರಾಯಿತು.

“ಹೇಳವ್ವಾ.”

ಬಾಯಲ್ಲಿ ಉಳಿದದ್ದನ್ನೆಲ್ಲ ಕೂಡಿಸಿ ಅವಳು ಕಥೆ ಹೇಳಿದಳು.

“ಒಬ್ಬ ರಾಜ ಇದ್ದ. ಸತ್ತ.”