ಇಬ್ಬನಿ ಪದ್ಯಕ್ಕೆ ನನ್ನ ಉತ್ತರ

ಸೊಗಡಿನ ಅವರೆಕಾಯಿಯ ವಾಸನೆಗೆ ಈಗಲೂ ನನಗೆ ಆರನೇ ಕ್ಲಾಸಿನ ಕನ್ನಡ ನೋಟ್ಸು ನೆನಪಾಗುತ್ತದೆ.

ಇಬ್ಬನಿಯ ಮೇಲಿನ ಪದ್ಯ ಮುಗಿದಿತ್ತು. ‘ನಿಮ್ಮ ಅನಿಸಿಕೆ ಬರೆಯಿರಿ’ ಎಂಬ ಪ್ರಶ್ನೆಗೂ ಮಿಸ್ಸು ಬೋರ್ಡಿನ ಮೇಲೆ ಉತ್ತರ ಬರೆದುಕೊಟ್ಟಿದ್ದರು: ಇಬ್ಬನಿ ಮುತ್ತಿನಂತಿದೆ, ನನಗೆ ಆನಂದವಾಯಿತು. ನಾನು ಬೇರೆಯೇ ಬರೆದೆ: ಇಬ್ಬನಿ ಬಿದ್ದರೆ ಅವರೆಗೆ ಸೊಗಡು ಬರುತ್ತದೆ, ಬಿಡಿಸಿದ ಕೈ ಅಂಟಂಟಾಗುತ್ತದೆ. ಮಿಸ್ಸು ಕೆಂಪು ಇಂಕಿನಲ್ಲಿ ಹೊಡೆದುಹಾಕಿದರು.

ಮಧ್ಯಾಹ್ನ ಜಗಲಿಯಲ್ಲಿ ಅವರೆ ಬಿಡಿಸುತ್ತಿದ್ದ ಅಜ್ಜಿಗೆ ತೋರಿಸಿದೆ.

“ಮಿಸ್ಸು ಹೇಳ್ದಂಗೆ ಬರ್ದ್‌ಬುಡು ಕಣಮ್ಮ, ಮಾರ್ಕ್ಸ್ ಬರುತ್ತೆ,” ಎಂದ ಅಜ್ಜಿ, ಇನ್ನೊಂದು ಕಾಯಿ ಸುಲಿದು, “ನೀನ್ ಬರ್ದಿರೋದೇನೋ ಸರಿಯಾಗೇ ಐತೆ,” ಎಂದಳು.

ಮರುದಿನ ಆ ಪುಟದಲ್ಲಿ ಒಂದು ಅವರೆಕಾಯಿ ಇಟ್ಟು ಕೊಟ್ಟೆ. “ಮೂಸಿ ನೋಡಿ ಮಿಸ್.”

“ಬೋರ್ಡಲ್ಲಿದ್ದಿದ್ದನ್ನ ಹತ್ತು ಸಲ ಬರ್ಕೊಂಡು ಬಾ!”

ಹತ್ತು ಸಲ ಬರೆದುಕೊಂಡು ಹೋದೆ, ನನ್ನದನ್ನೇ.