ಕೆಸರಿನ ಅಂಗೈ

ಮುಖ್ಯ ಎಂಜಿನಿಯರ್ ನಿರ್ಮಲಾ ಹಡಪದ ನಾಲ್ಕನೇ ಸಲ ಅಂಗನವಾಡಿಗೆ ಬಂದಿದ್ದರು. ಐದು ವರ್ಷದೊಳಗಿನ ಮಗುವೊಂದು ಸೇತುವೆಯ ಮಾದರಿಯೊಡನೆ ಆಡಿ, ನಕ್ಷೆಯ ಮೇಲೆ ಕೆಸರಿನ ಅಂಗೈ ಒತ್ತದ ಹೊರತು ನಾಡಿನಲ್ಲಿ ಯಾವ ಸೇತುವೆಯನ್ನೂ ಕಟ್ಟುವಂತಿರಲಿಲ್ಲ. ಹಿಂದಿನ ಮೂರು ಸಲವೂ ಮಕ್ಕಳು ಮಾದರಿ ಸೇತುವೆಯನ್ನು ಬದಿಗಿಟ್ಟು, ಅದನ್ನು ತಂದಿದ್ದ ರಟ್ಟಿನ ಡಬ್ಬಿಯಲ್ಲಿ ಆಡಿದ್ದರು.

"ಮಾತಾಡಂಗಿಲ್ರಿ, ಸುಮ್ನ ಕುಂದರ್ರಿ," ಎಂದರು ಕಾರ್ಯಕರ್ತೆ ಹುಲಿಗೆಮ್ಮ.

ನಾಲ್ಕು ವರ್ಷದ ರುಕ್ಸಾನಾ ಮರಳಿನಲ್ಲಿ ಹೊಳೆ ತೋಡಿ, ನೀರು ಸುರಿದು, ಸೇತುವೆ ಇಟ್ಟಳು. ಮರುಕ್ಷಣವೇ ನಡುಗಂಬವನ್ನು ಕಿತ್ತೆಸೆದಳು.

"ಅಯ್ಯೋ, ಬೀಳ್ತೈತಿ!" ನಿರ್ಮಲಾ ಎದ್ದೇಬಿಟ್ಟರು.

"ಅದು ಮೀನಿಗಿ ಅಡ್ಡ ಬರ್ತೈತಿ." ರುಕ್ಸಾನಾ ಉಳಿದೆರಡು ಕಂಬಗಳನ್ನು ಒಂದರತ್ತ ಒಂದು ವಾಲಿಸಿ ತುದಿ ತಾಗಿಸಿದಳು. "ಈಗ ಇವು ಕೈ ಹಿಡ್ಕಂಡಾವ."

ಕಲ್ಲು ಹೇರಿದ ಆಟದ ಲಾರಿ ಮೇಲೆ ಹಾದುಹೋಯಿತು. ಸೇತುವೆ ಅಲುಗಲಿಲ್ಲ. ನಿಜವಾದ ಹೊಳೆ ಹಳೆಯ ಸೇತುವೆಯಿಂದ ಎರಡು ಸಲ ಕೊಚ್ಚಿಕೊಂಡು ಹೋಗಿದ್ದೂ ನಡುಗಂಬವನ್ನೇ.

ಪಟ್ಟೆಂದು ಕೆಸರಿನ ಅಂಗೈ ನಕ್ಷೆಯ ಮೇಲೆ ಬಿತ್ತು. ಹುಲಿಗೆಮ್ಮ ಚಪ್ಪಾಳೆ ತಟ್ಟಿದರು.

ನಿರ್ಮಲಾ ಚಪ್ಪಲಿ ಬಿಟ್ಟು ಮರಳಿಗಿಳಿದರು. "ನನ್ನೂ ಆಟಕ್ಕ ಸೇರಿಸ್ಕೋ ಯವ್ವಾ."

"ಹ್ಞೂಂ. ನೀ ಮೀನಾಗು."

ಮುಖ್ಯ ಎಂಜಿನಿಯರ್ ಇಸ್ತ್ರಿ ಸೀರೆಯಲ್ಲೇ ಹೊಟ್ಟೆಯ ಮೇಲೆ ಮಲಗಿ, ತಮ್ಮ ಸೇತುವೆಯ ಕಡೆಗೆ ಈಜತೊಡಗಿದರು.