ಮೂವತ್ತೆಂಟಕ್ಕೇ ನಿಂತ ತಕ್ಕಡಿ

"ಲಾಭ..." ಎಂದು ಮಂಚಯ್ಯ ಕಿಲೋ ತೂಕದ ಮೊದಲ ಅಚ್ಚು ಬೆಲ್ಲವನ್ನು ತಟ್ಟೆಗಿಟ್ಟ. ಒಂದು ಎಂದು ಶುರುಮಾಡುವ ಅಭ್ಯಾಸ ಅವನಿಗಿಲ್ಲ. ನುಗ್ಗೇಹಳ್ಳಿಯಿಂದ ಗಾಡಿಯಲ್ಲಿ ತಂದ ಕೊಬ್ಬರಿ ತೂಗುವ ದೊಡ್ಡ ತಕ್ಕಡಿ ಗುಡಿಯ ಮುಂದಿನ ತೊಲೆಗೆ ನೇತಾಡುತ್ತಿತ್ತು. ಇನ್ನೊಂದು ತಟ್ಟೆಯಲ್ಲಿ, ಮಂಡಿಗೆ ಗಲ್ಲ ಊರಿಕೊಂಡು, ಎಸ್ಸೆಸ್ಸೆಲ್ಸಿ ಪಾಸಾದ ಗಂಗಾಂಬಿಕೆ. ಪಾಸಾದರೆ ಅವಳ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಭೈರವನಿಗೆ ಹರಕೆ ಹೊತ್ತವಳು ಅಜ್ಜಿ ಮುದ್ದಮ್ಮ.

ಊರೆಲ್ಲ ಮಂಚಯ್ಯನ ಜೊತೆ ಸೇರಿ ಕೂಗಿ ಎಣಿಸುತ್ತಿತ್ತು. ಹುಡುಗಿಗೆ ಹೆದರಿಕೆಯಿದ್ದದ್ದೇ ಅದಕ್ಕೆ. ಹೋದ ವರ್ಷ ಇದೇ ತಟ್ಟೆಯಲ್ಲಿ ಕೂತ ಹೊನ್ನಕ್ಕನ ಎಣಿಕೆ ಅರವತ್ತು ದಾಟಿದಾಗ ಯಾರೋ, "ಇಳಿಯವ್ವ ಸಾಕು, ಆಲೆಮನೆ ಬರಿದಾಯ್ತು!" ಅಂದುಬಿಟ್ಟಿದ್ದ. ಅವತ್ತಿನಿಂದ ಅವಳು ಆಲೆಮನೆ ಹೊನ್ನಕ್ಕ. ಮದುವೆಯಾಗಿ ದುದ್ದಕ್ಕೆ ಹೋದರೆ ಹೆಸರೂ ಹಿಂದೆಯೇ ಬಸ್ಸು ಹತ್ತಿತು.

"ಮೂವತ್ತೇಳು... ಮೂವತ್ತೆಂಟು..." ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು. ಗಂಗಾಂಬಿಕೆ ಉಸಿರು ಬಿಟ್ಟಳು.

"ಲೇ ಮಂಚ, ತಕ್ಕಡಿಗೇನ್ಲಾ ಮಾಡ್ದೆ?" ಮುದ್ದಮ್ಮ ಎದ್ದು ಬಂದಳು. "ಅರಕೆ ಒತ್ತಾಗ ಇವ್ಳು ಎಂಗಿದ್ಲು ಅಂತ ನಂಗೊತ್ತಿಲ್ವಾ? ನಲವತ್ತೈದಕ್ಕೆ ಕಮ್ಮಿ ಆಗಾಕಿಲ್ಲ ಅಂತ ಲೆಕ್ಕಾಕೇ ಬೆಲ್ಲ ತರ್ಸಿವ್ನಿ."

"ತಕ್ಕಡಿ ಸರ್ಯಾಗೇ ಅದೆ ಕಣಜ್ಜಿ. ಉಡ್ಗಿ ಇರಾದೇ ಅಷ್ಟು."

ಮುದ್ದಮ್ಮ ಮೊಮ್ಮಗಳ ಗಲ್ಲ ಹಿಡಿದೆತ್ತಿದಳು. ಬಿಸಿಲಿಗೆ ಮುಖ ಬಂದಾಗ ಗುಳಿ ಬಿದ್ದ ಕೆನ್ನೆ, ಬಿಳಿಚಿದ ತುಟಿ ಕಂಡವು. "ಎರಡು ತಿಂಗ್ಳಿಂದ ಉಣ್ಣೋ ತಟ್ಟೆ ಇಡ್ಕಂಡು ಇತ್ತಲಿಗೆ ಓಯ್ತಿದ್ದಲ್ಲ, ಮುದ್ದೆ ಯಾರ ಒಟ್ಟೆಗೆ ಓಯ್ತು?"

"ಎಮ್ಮೇಗೆ." ಹುಡುಗಿಯ ದನಿ ಸಣ್ಣಗಾಯಿತು. "ಎಲ್ರೂ ಎಣಿಸ್ತಾರೆ ಕಣಜ್ಜಿ. ನಂಗೂ ಹೆಸ್ರಿಟ್ಬುಡ್ತಾರೆ."

ಯಾರೋ ಕಿಸಕ್ಕನೆ ನಕ್ಕರು. ಮುದ್ದಮ್ಮ ಆ ಕಡೆ ತಿರುಗಿದ ಮೇಲೆ ಯಾರೂ ನಗಲಿಲ್ಲ.

"ಬೈರಯ್ಯ, ಪೂಜೆ ನಿಲ್ಸು," ಎಂದಳು ಪೂಜಾರಿಗೆ. "ಸ್ವಾಮಿಗೆ ನಾನು ಒಪ್ಕಂಡಿದ್ದು ಇಡೀ ಮೊಮ್ಮಗ್ಳುನ್ನ. ಏಳಚ್ಚು ಮೊಮ್ಮಗ್ಳು ಎಮ್ಮೆ ಒಟ್ಟೇಲವ್ಳೆ."

"ಅಂಗಾರೆ ಎಮ್ಮೇನೂ ಕೂರುಸ್ಬೇಕಾಯ್ತದೆ," ಎಂದ ಮಂಚಯ್ಯ.

"ನಿನ್ನ ಕೂರುಸ್ತೀನಿ, ಸುಮ್ನಿರ್ಲಾ." ಬುಟ್ಟಿಯಲ್ಲಿ ಉಳಿದಿದ್ದ ಏಳರಲ್ಲಿ ಒಂದಚ್ಚನ್ನು ಕಲ್ಲಿಗೆ ಕುಟ್ಟಿ, ಮುದ್ದಮ್ಮ ಒಂದು ಚೂರನ್ನು ಮೊಮ್ಮಗಳ ಮುಂದೆ ಹಿಡಿದಳು.

ಬೈರಯ್ಯನ ಗಂಟೆ ಕೈಯಲ್ಲೇ ನಿಂತಿತು. "ಅಯ್ಯಯ್ಯೋ, ದೇವ್ರಿಗಿಂತ ಮುಂಚೆನಾ?"

"ಎರಡು ತಟ್ಟೇನೂ ಅವುನ್ದೇ ಕಣಯ್ಯ. ಯಾವುದ್ರಾಗಿದ್ರೇನು?"

ಗಂಗಾಂಬಿಕೆ ಒಮ್ಮೆ ಜನರನ್ನು ನೋಡಿದಳು, ಒಮ್ಮೆ ಬೆಲ್ಲವನ್ನು. ಬೆಲ್ಲದ ವಾಸನೆ ಗೆದ್ದಿತು. ಮೊದಲ ಚೂರನ್ನು ಅಜ್ಜಿ ತಿನ್ನಿಸಿದಳು, ಎರಡನೆಯದನ್ನು ಅವಳೇ ತೆಗೆದುಕೊಂಡಳು, ಉಳಿದದ್ದನ್ನು ಹಾಗೇ ಮಡಿಲಿಗೆ ಎಳೆದುಕೊಂಡಳು. ಅವಳ ತಟ್ಟೆ ಮೆಲ್ಲಗೆ ಇಳಿದು ಇಳಿದು ನೆಲ ಮುಟ್ಟಿತು. ಮಂಚಯ್ಯ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಮಂಚಣ್ಣ," ಬಾಯಿ ತುಂಬ ಬೆಲ್ಲ ಇಟ್ಟುಕೊಂಡೇ ಅವಳು ಕೇಳಿದಳು, "ಎಣಿಸೋದ್ ಯಾಕ್ ನಿಲ್ಸ್ದೆ?"